ಗೂಳಿಯಂಥ ಮಗನಿಗೆ ಒಂದು ಮಾತು

ಪರದೆಯ ಮೇಲೆ ಬೇರೆ ದೇಶದ ಹೆಂಗಸು ಬಾಯಿ ಬಿಡುತ್ತಾಳೆ, ಮಾತು ನನ್ನದು. ಇದೇ ನನ್ನ ಕಸುಬು. ಇಂಗ್ಲಿಷಿನ ಧಾರಾವಾಹಿಗಳು ನಮ್ಮ ಸ್ಟುಡಿಯೋಗೆ ಬರುತ್ತವೆ, ನಾವು ಅವಕ್ಕೆ ನಮ್ಮ ಭಾಷೆಯ ಧ್ವನಿ ಕೂಡಿಸಿ ಕಳಿಸುತ್ತೇವೆ. ಅವಳ ತುಟಿ ಮುಚ್ಚಿದ ಕಡೆ ನನ್ನ ತುಟಿಯೂ ಮುಚ್ಚಬೇಕು, ಇಲ್ಲವಾದರೆ ನೋಡುವವರಿಗೆ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ. ಇದರಿಂದ ನನಗೊಂದು ಚಾಳಿ ಅಂಟಿದೆ. ಮನೆಯಲ್ಲಿ ಯಾರು ಮಾತಾಡಿದರೂ ನನ್ನ ಕಣ್ಣು ಅವರ ತುಟಿಯ ಮೇಲೇ. "ನನ್ನ ಹಲ್ಲು ಎಣಿಸ್ತಿದ್ದೀಯೇನೇ? ಇರೋದೇ ನಾಲ್ಕು," ಎಂದು ನಮ್ಮತ್ತೆ ರೇಗಿಸುತ್ತಾರೆ.

ತುಟಿಯ ಕಷ್ಟ ದೊಡ್ಡದಲ್ಲ. ದೊಡ್ಡ ಕಷ್ಟ ತಾಳೆ ನೋಡುವವರದು. ನಾವು ಆಡಬೇಕಾದ ಮಾತನ್ನೆಲ್ಲ ಆ ದೇಶದ ಕಂಪನಿ ಮೊದಲೇ ಬರೆಸಿಕೊಂಡು, ಅಲ್ಲೇ ನೆಲೆಸಿರುವ ನಮ್ಮ ಭಾಷೆಯವರೊಬ್ಬರ ಕೈಗೆ ಕೊಡುತ್ತದೆ. ಅವರು ಅದನ್ನು ಪದಕ್ಕೆ ಪದ ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಮೂಲದಲ್ಲಿದ್ದದ್ದೇ ಬಂದರೆ ಪಾಸು, ಬಾರದಿದ್ದರೆ ವಾಪಸು. ಒಮ್ಮೆ ಕಳೆದುಹೋದ ಮಗು ಸಿಕ್ಕಾಗ ನಾನು 'ಹೊಟ್ಟೆಗೆ ಹಾಲು ಹೊಯ್ದಂಗಾಯ್ತು' ಎಂದು ಬರೆಸಿದ್ದೆ. 'ಈ ದೃಶ್ಯದಲ್ಲಿ ಹಾಲು ಕಾಣುತ್ತಿಲ್ಲ' ಎಂದು ವಾಪಸು ಬಂತು. 'ನನ್ನ ತಲೆ ತಿನ್ಬೇಡ' ಎಂದದ್ದಕ್ಕೆ 'ಮಕ್ಕಳೂ ನೋಡುವ ಕಾರ್ಯಕ್ರಮ, ನರಭಕ್ಷಣೆ ಕೂಡದು' ಎಂದು ಬಂತು. ನಾವು ನಕ್ಕು ನಕ್ಕು ಸುಸ್ತಾಗಿ, ಆಮೇಲೆ ತೆಪ್ಪಗೆ ತಿದ್ದಿದೆವು. ಹೀಗೆ ತಿದ್ದಿ ತಿದ್ದಿ ನಾವು ಆಡುತ್ತಿದ್ದದ್ದು ನಮ್ಮ ಪದಗಳ ವೇಷ ಹಾಕಿದ ಇಂಗ್ಲಿಷೇ ಆಗಿತ್ತು.

ಮೊನ್ನೆ ಬಚ್ಚಲ ಬಾಗಿಲಲ್ಲಿ ನಮ್ಮತ್ತೆ ಜಾರಿ ಬಿದ್ದರು. ಪಕ್ಕದಲ್ಲೇ ಇದ್ದ ನನ್ನ ಮಗಳು ಎರಡೂ ಕೈ ಕೆನ್ನೆಗಿಟ್ಟುಕೊಂಡು ಕೂಗಿದಳು. "ಓ ದೇವರೇ! ಅಜ್ಜಿ, ನೀವು ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ ಕಣಮ್ಮ," ಅತ್ತೆ ನೆಲದಿಂದಲೇ ಹೇಳಿದರು. "ನೆಲ ಚೆನ್ನಾಗಿದೆಯಾ ಅಂತ ನೋಡೋಣ ಅಂತ ಬಿದ್ದೆ. ಬಿದ್ದೋರ್ನ ಮೊದ್ಲು ಎಬ್ಬಿಸ್ಬೇಕು ಕಣೇ!"

ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಅತ್ತೆ ನಕ್ಕರು, ಮಗಳೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಮಗಳ ಬಾಯಿಂದ ಬಂದ ಆ ಮಾತು, ಆ ರಾಗ, ಕೆನ್ನೆಯ ಮೇಲಿನ ಆ ಕೈಗಳು ಎಲ್ಲಿಯವೆಂದು ನನಗೆ ಗೊತ್ತಿತ್ತು. ಎಲ್ಲವೂ ನಮ್ಮ ಸ್ಟುಡಿಯೋದಿಂದಲೇ ಮನೆಗೆ ಬಂದಿದ್ದವು. ಇನ್ನು ಸಾಕು ಎಂದುಕೊಂಡೆ.

ಮರುದಿನ ಸ್ಟುಡಿಯೋದಲ್ಲಿ ಧಾರಾವಾಹಿಯ ಮುಖ್ಯ ದೃಶ್ಯವಿತ್ತು. ವರ್ಷಗಟ್ಟಲೆ ಯುದ್ಧದಲ್ಲಿದ್ದ ಮಗ ಮನೆಗೆ ಬರುತ್ತಾನೆ. ತಾಯಿ ಬಾಗಿಲು ತೆರೆದು, ಅವನ ಮುಖ ಹಿಡಿದು, 'ಮೈ ಬಾಯ್, ಐ ಲವ್ ಯೂ, ಮೈ ಬಾಯ್' ಎನ್ನುತ್ತಾಳೆ. ನಮಗೆ ಪಾಸಾಗಿ ಬಂದಿದ್ದ ಮಾತು: 'ನಾನು ನಿನ್ನನ್ನು ಪ್ರೀತಿಸುತ್ತೇನೆ, ಮಗನೇ.'

"ಇದನ್ನ ನಾನು ಹೇಳಲ್ಲ ಸರ್," ಎಂದೆ.

ಸ್ಟುಡಿಯೋ ಮಾಲೀಕರು ಗಾಜಿನ ಆಚೆಯಿಂದ ಹುಬ್ಬು ಗಂಟಿಕ್ಕಿದರು. "ಯಾಕಮ್ಮಾ? ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಯಾವ ತಾಯಿ ಹೀಗಂತಾಳೆ ಸರ್? ನಿಮ್ಮಮ್ಮ ನಿಮಗೆ ಅಂದಿದ್ರಾ?"

"ನಮ್ಮಮ್ಮ ಪೊರಕೇಲಿ ಹೊಡೀತಿದ್ರು. ಅದನ್ನ ಡಬ್ ಮಾಡ್ಲಾ?" ಎಂದವರು, ಸ್ವಲ್ಪ ತಣ್ಣಗಾಗಿ ಕೇಳಿದರು. "ಸರಿ, ಏನಂತೀಯ ಹಾಗಾದ್ರೆ?"

ನಾನು ಮೈಕಿನ ಮುಂದೆ ನಿಂತೆ. ಬಾಗಿಲು ತೆರೆಯಿತು. "ಅಮ್ಮಮ್ಮಾ, ಎಷ್ಟು ಸೊರಗ್ಬಿಟ್ಯೋ ನನ್ನಪ್ಪಾ!" ತುಟಿ ಮುಚ್ಚಬೇಕಾದಲ್ಲಿ ಮುಚ್ಚಿತು, ಕೂದಲೆಳೆಯೂ ಆಚೀಚೆಯಾಗಲಿಲ್ಲ.

ಮಾಲೀಕರು ತಲೆ ಮೇಲೆ ಕೈ ಹೊತ್ತರು. "ಸೊರಗಿದ್ದಾನಾ? ಕಣ್ಣು ಬಿಟ್ಟು ನೋಡಮ್ಮಾ, ಗೂಳಿ ಇದ್ದಂಗಿದ್ದಾನೆ! ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದ. ಮೇಲಿಂದ ನನ್ನಪ್ಪಾ ಬೇರೆ! ಮಗ ಅಪ್ಪ ಹೇಗಾದ ಅಂತ ತಾಳೆ ನೋಡೋರು ನನ್ನ ಜೀವ ತಿಂತಾರೆ."

"ಅವರು ಇಷ್ಟು ದಿನ ನಮ್ಮ ಮಾತನ್ನ ಓದಿದಾರೆ ಸರ್, ಕೇಳಿಲ್ಲ. ಒಂದೇ ಒಂದು ಸಲ ಕೇಳಿಸಿ. ಆಮೇಲೂ ಆಗಲ್ಲ ಅಂದ್ರೆ ನಾನು ಬ್ಯಾಗ್ ತಗೊಂಡು ಹೋಗ್ತೀನಿ."

ಹೋಗುವುದೆಂದರೆ ಸುಮ್ಮನಲ್ಲ. ಆ ತಾಯಿಯ ಪಾತ್ರ ಇಡೀ ಧಾರಾವಾಹಿಗೆ ನನ್ನದು. ನನ್ನ ಜಾಗಕ್ಕೆ ಬರಬಹುದಾದ ಇನ್ನೊಬ್ಬಾಕೆ ಹೊರಗಿನ ಬೆಂಚಿನ ಮೇಲೆ ಕೂತು, ಗಂಟಲಿಗೆಂದು ಬಿಸಿನೀರು ಗುಟುಕರಿಸುತ್ತಿದ್ದಳು. ಒಳ್ಳೆಯವಳೇ, ಒಳ್ಳೆಯ ಧ್ವನಿಯೇ. ಮಾಲೀಕರು ಅವಳನ್ನೂ ನನ್ನನ್ನೂ ನೋಡಿದರು. ನಾನು ಮೈಕಿನ ಮುಂದಿನಿಂದ ಕದಲಲಿಲ್ಲ. "ಹಠಮಾರಿ," ಎಂದು ಗೊಣಗಿ ಅವರು ಫೋನ್ ಎತ್ತಿಕೊಂಡರು.

ಕಂಪ್ಯೂಟರಿನಲ್ಲಿ ಎರಡು ಮುಖ ಮೂಡಿದವು. ಒಂದು ಕಂಪನಿಯ ಅಧಿಕಾರಿಣಿಯದು, ಚುರುಕು ಹೆಂಗಸು, ಆಗಲೇ ಗಡಿಯಾರ ನೋಡುತ್ತಿದ್ದಳು. ಇನ್ನೊಂದು ತಾಳೆ ನೋಡುವವರದು. ಅವರು ಒಣಕಲು ಮೇಷ್ಟರಂತಿರಬಹುದೆಂದು ನಾನು ಊಹಿಸಿಕೊಂಡಿದ್ದೆ. ನೋಡಿದರೆ ಕುರ್ಚಿ ತುಂಬ ಕೂತ ದುಂಡು ಮುಖದ ಮನುಷ್ಯ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಸೊರಗಿದ ಮಗನ ಬಗ್ಗೆ ಇವರ ಮುಂದೆ ವಾದಿಸಬೇಕಲ್ಲ ಎಂದುಕೊಂಡೆ.

ದೃಶ್ಯ ಓಡಿತು. ಗೂಳಿಯಂಥ ಮಗ ಬಾಗಿಲಲ್ಲಿ ನಿಂತ. ತಾಯಿ ಅವನ ಮುಖ ಹಿಡಿದಳು. ನನ್ನ ಧ್ವನಿ ಅಷ್ಟು ದೂರ ಹೋಗಿ ಅವರ ಕೋಣೆಯಲ್ಲಿ ಕೇಳಿಸಿತು.

"ಏನಂದಳು?" ಅಧಿಕಾರಿಣಿ ಇಂಗ್ಲಿಷಿನಲ್ಲಿ ಕೇಳಿದಳು.

ತಾಳೆ ನೋಡುವವರು ಪರದೆಗೆ ಇನ್ನಷ್ಟು ಹತ್ತಿರ ಬಾಗಿದರು. ಮಾಲೀಕರು ನನ್ನ ಕಡೆ ನೋಡಿ, ಮುಗೀತು ಎಂಬಂತೆ ಕೈಯಾಡಿಸಿದರು.

"ಇನ್ನೊಂದ್ಸಲ ಹಾಕ್ತೀರಾ?" ಆ ಮನುಷ್ಯ ಕೇಳಿದ್ದು ನಮ್ಮ ಭಾಷೆಯಲ್ಲಿ. ಅಧಿಕಾರಿಣಿಗೆ ಅದು ಅರ್ಥವಾಗುವುದಿಲ್ಲವೆಂಬುದು ಅವರಿಗೆ ಹೊಳೆದಂತೆಯೇ ಕಾಣಲಿಲ್ಲ. ಮತ್ತೆ ಹಾಕಿದೆವು. ನಾನು ಅಭ್ಯಾಸಬಲದಿಂದ ಅವರ ತುಟಿಗಳನ್ನೇ ನೋಡುತ್ತಿದ್ದೆ. ಅವು ಸದ್ದಿಲ್ಲದೆ ನನ್ನ ಮಾತಿನ ಜೊತೆಗೇ ಅಲ್ಲಾಡಿದವು, ಎಲ್ಲೂ ತಾಳ ತಪ್ಪದೆ. ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು.

"ಏನಂದಳು?" ಅಧಿಕಾರಿಣಿಯ ದನಿಯಲ್ಲಿ ಈಗ ಅಸಹನೆಯಿತ್ತು.

ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಐ ಲವ್ ಯೂ, ಅಂದಳು."

ಅಧಿಕಾರಿಣಿ ತನ್ನ ಮುಂದಿನ ಸ್ಕ್ರಿಪ್ಟಿನ ಮೇಲೆ ಬೆರಳಾಡಿಸಿದಳು. "ಇಲ್ಲೂ ಅದೇ ಇದೆಯಲ್ಲ! ಮತ್ತೆ ಈ ಮೀಟಿಂಗ್ ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ತಾಳೆ ನೋಡುವವರ ಮುಖ ಇನ್ನೊಂದು ಕ್ಷಣ ಪರದೆಯ ಮೇಲೆ ಉಳಿದು, ಅದೂ ಆರಿತು.

ಮಾಲೀಕರು ಕುರ್ಚಿಗೊರಗಿ ದೊಡ್ಡದಾಗಿ ಉಸಿರುಬಿಟ್ಟರು. "ಗೆದ್ಯಲ್ಲ ತಾಯಿ, ಬಿಡು. ಮುಂದಿನ ಸೀನ್ ತಗೋ. ಅಮ್ಮ ಹಾಸಿಗೆ ಹಾಸಿಕೊಡ್ತಾಳೆ, ಮಗ ಥ್ಯಾಂಕ್ಯೂ ಅಂತಾನೆ, ಅವಳು ಪರವಾಗಿಲ್ಲ ಅಂತಾಳೆ. ಅಷ್ಟೇ, ಸುಲಭ."

ನಾನು ಹೆಡ್‌ಫೋನ್ ಎತ್ತಿಕೊಳ್ಳಲಿಲ್ಲ. "ಸರ್," ಎಂದೆ, "ಇದರದ್ದೂ ಸ್ವಲ್ಪ ಮಾತಾಡ್ಬೇಕಿತ್ತು."