ಮಾಯಾಳ ಅವ್ವನ ಹೆಸರು

ಇಪ್ಪತ್ತೆಂಟು ತುಂಬುವುದರೊಳಗೆ ಶೇವಂತಿಗೆ ಮೂರು ಹೆಸರಾಗಿದ್ದವು. ಸಾಲಿಯ ಸರ್ಟಿಫಿಕೇಟಿನಲ್ಲಿ ಅವಳು ಶೇವಂತಿ ಅಮಸಿದ್ದಪ್ಪ ಜಕ್ಕನ್ನವರ. ಹಿಪ್ಪರಗಿಗೆ ಸೊಸೆಯಾಗಿ ಬಂದ ಮೇಲೆ ಶೇವಂತಿ ಯಲ್ಲಾಲಿಂಗ ಪೂಜಾರಿ. ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಯಲ್ಲಾಲಿಂಗ ತೀರಿಕೊಂಡ ಎರಡು ವರ್ಷಕ್ಕೆ, ಹಿರಿಯರು ಕೂತು ಅವಳನ್ನು ತುಬಚಿಯ ಶಿವಯೋಗೆಪ್ಪ ಕಂಬಳಿಗೆ ಉಡಕಿ ಮಾಡಿ ಕೊಟ್ಟರು. ಮೂರನೆಯ ಹೆಸರು ಶೇವಂತಿ ಶಿವಯೋಗೆಪ್ಪ ಕಂಬಳಿ. ಗಂಡ ಸತ್ತವಳಿಗೆ ಇನ್ನೊಮ್ಮೆ ಸೀರೆ ಉಡಿಸಿ ಕಳಿಸುವ ಉಡಕಿಗೆ ವಾಲಗವಿಲ್ಲ, ಅಕ್ಕಿಕಾಳಿಲ್ಲ. ಒಂದು ಸೀರೆ, ಐದು ಮಂದಿ ಹಿರಿಯರು, ಒಂದು ಮಾತು. ಅಷ್ಟೆ.

ಆ ಮಾತು ಕೇಳಿದವನು ಯಲ್ಲಾಲಿಂಗನ ಕಾಕಾ ಗಿರಿಮಲ್ಲಪ್ಪ.

"ಪೂಜಾರಿ ಮನಿ ಹೆಸರು ಬಿಟ್ಟಿ ಏನವಾ?"

"ಬಿಟ್ಟೇನ್ರಿ," ಎಂದಿದ್ದಳು ಶೇವಂತಿ.

ಮೂರು ಸಲ ಕೇಳಿದ, ಮೂರು ಸಲ ಹೇಳಿದಳು. ಮೂರನೆಯ ಸಲ ದನಿ ಸಣ್ಣದಾಯಿತೆಂದು ಜೋರಾಗಿ ಹೇಳಿಸಿದರು. ಲಗ್ನದಲ್ಲಿ ಅಯ್ಯನವರು ಹೇಳಿಸಿದ್ದನ್ನೆಲ್ಲ ಹೇಳುವುದಿಲ್ಲವೇ, ಇದೂ ಹಾಗೇ ಎಂದುಕೊಂಡಿದ್ದಳು. ಹೆಸರು ಬಿಟ್ಟವಳು ಆ ಹೆಸರಿಗೆ ಹುಟ್ಟಿದ ಕೂಸನ್ನೂ ಅಲ್ಲೇ ಬಿಟ್ಟಂತೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದೆಯೆಂದೇ ಎಲ್ಲರೂ ತಿಳಿದಿದ್ದರು. ಪಕ್ಕದಲ್ಲಿ ಕೂತಿದ್ದ ಅವಳಪ್ಪ ಅಮಸಿದ್ದಪ್ಪನೂ ಹಾಗೇ ತಿಳಿದಿದ್ದ.

ಹೊರಡುವಾಗ ಆರು ವರ್ಷದ ಮಗಳು ಮಾಯಾಳ ಕೈ ಹಿಡಿದರೆ ಅತ್ತೆ ಲಗಮವ್ವ, "ಸಾಲಿ ನಡದೈತಿ, ಮುಗಿಯೂ ತನಕ ಹುಡುಗಿ ಇಲ್ಲೇ ಇರಲಿ," ಎಂದಿದ್ದಳು. ಆಗ ಫೆಬ್ರುವರಿ. ಸೂಟಿ ಬೀಳುವತನಕ ಎಂದು ಶೇವಂತಿ ತಿಳಿದಳು.

ಶಿವಯೋಗೆಪ್ಪ ಕೆಟ್ಟವನಲ್ಲ. ಅವನ ಮೊದಲಿನ ಹೆಂಡತಿ ಬಾಣಂತನದಲ್ಲಿ ಹೋಗಿದ್ದಳು, ಕೂಸೂ ಉಳಿದಿರಲಿಲ್ಲ. ಮಾತು ಕಡಿಮೆ. ಸೂಟಿ ಬಿದ್ದ ಮೇಲೆ, ಏಪ್ರಿಲ್ ಕೊನೆಯ ವಾರ ಜಮಖಂಡಿಗೆ ಹೋದವನು ರೇಷನ್ ಕಾರ್ಡಿಗೆ ಹೆಸರು ಸೇರಿಸುವ ಫಾರ್ಮ್ ತಂದು ಅವಳ ಮುಂದಿಟ್ಟ.

"ಆ ಊರ ಕಾರ್ಡಿನಾಗಿಂದ ಮೊದಲ ಹೆಸರ ತಗಸಬೇಕಂತ. ನಿಮ್ಮ ಅತ್ತೀದು ಹೆಬ್ಬಟ್ಟ ಬೇಕು. ನಿಂದೂ ತಗಸ್ಕೊಂಡ ಬಾ, ಹುಡುಗೀದೂ ತಗಸ್ಕೊಂಡ ಬಾ."

"ಹುಡುಗೀದೂ?"

"ಮತ್ತ? ಅಕಿಗೇನ ರೊಟ್ಟಿ ಬ್ಯಾಡೇನ?"

ಅವತ್ತು ಶೇವಂತಿ ಹಿಟ್ಟು ನಾದುತ್ತ ನಾದುತ್ತ ತನ್ನಷ್ಟಕ್ಕೇ ನಕ್ಕಳು. ಮಾಯಾಳಿಗೆ ಯಾವ ಮೂಲೆಯಲ್ಲಿ ಹಾಸಬೇಕೆಂದು ಕೂಡ ಮನಸ್ಸಿನಲ್ಲೇ ನೋಡಿಟ್ಟುಕೊಂಡಳು. ಎರಡು ತಿಂಗಳಿಂದ ಮುಟ್ಟು ನಿಂತಿತ್ತು. ಅದನ್ನು ಗಂಡನಿಗೆ ಮಾತ್ರ ಹೇಳಿದ್ದಳು.

ಮರುದಿನ ಹಿಪ್ಪರಗಿಗೆ ಹೋದಾಗ ಲಗಮವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ಮಾಯಾ ಓಡಿ ಬಂದು ಅವ್ವನ ಸೊಂಟಕ್ಕೆ ಜೋತುಬಿದ್ದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಯಾವಾಗ ಬಿದ್ದವೋ ಶೇವಂತಿಗೆ ಗೊತ್ತೇ ಇರಲಿಲ್ಲ.

"ಬಾ ಬೇ, ದೊಡ್ಡಾಕಿ. ಕಂಬಳಿ ಮನ್ಯಾಗ ತಿಂದ ತಿಂದ ಗಲ್ಲ ಬಂದಾವಲ್ಲ," ಎಂದಳು ಲಗಮವ್ವ. ನೀರು ಕೊಟ್ಟಳು, ಚಹಾ ಮಾಡಿದಳು. ಫಾರ್ಮಿನ ಮಾತು ಬಂದಾಗ ಮಾತ್ರ ಕೈಯೊಳಗಿನ ಉಣ್ಣೆ ಕೆಳಗಿಟ್ಟಳು.

"ನಿನ್ನ ಹೆಸರಿಗಿ ಈಗ ಒತ್ತತೇನಿ. ಹುಡುಗೀದಕ್ಕ ಒತ್ತಂಗಿಲ್ಲ."

"ಯಾಕ್ರಿ ಅತ್ತಿ? ಸಾಲಿ ಮುಗಿಯೂ ತನಕ ಅಂದಿದ್ರಲ್ಲ?"

"ಸಾಲಿ ಮುಗಿಯೂದಂದ್ರ ಹತ್ತನೇ ಕ್ಲಾಸ. ಐದು ಮಂದಿ ಮುಂದ ಬಿಟ್ಟೇನಿ ಅಂದಿ. ಮೂರ ಸಲ ಅಂದಿ. ನಾ ಎಣಿಸೇನಿ."

"ಹೆಸರ ಬಿಟ್ಟೇನಿ ಅಂದೇನ್ರಿ! ಮಗಳನ್ನ ಯಾರ ಕೇಳಿದ್ರಿ?"

"ಮಗಳನ್ನ ಬ್ಯಾರೆ ಕೇಳತಾರೇನ, ಹುಚ್ಚಿ? ಅದರಾಗ ಬಂತು."

ಶೇವಂತಿಗೆ ಸಿಟ್ಟು ಬಂತು. "ನೀವು ಕುರಿ ಮಾರೂವಾಗ ಹಾಲು ಕುಡಿಯೂ ಮರಿ ಬಿಡಿಸಿ ಇಟ್ಕೋತೀರೇನ್ರಿ?"

"ಕುರೀಗಿ ಕುಲ, ಬೆಡಗ ಇರಂಗಿಲ್ಲ," ಎಂದಳು ಲಗಮವ್ವ. "ಅಕಿ ಪೂಜಾರಿ ಮನಿ ಬೆಡಗಿನಾಕಿ. ಬೀರಪ್ಪ ದೇವರಿಗಿ ನಮ್ಮ ಮನಿ ಎಡಿ ಹಿಡದ ನಿಂದ್ರೂ ಒಂದ ಜೀವಾ ಉಳದೈತಿ ನನಗ."

ಹಾಗೆಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಬಯ್ದಿದ್ದರೆ ಶೇವಂತಿಯೂ ಬಯ್ದು ಬರಬಹುದಿತ್ತು. ಅಳುವವಳ ಮುಂದೆ ಏನು ಮಾಡುವುದು? ಒಬ್ಬನೇ ಮಗನ ಹೆಣವನ್ನು ಇದೇ ಕಟ್ಟೆಯ ಮುಂದೆ ಇಳಿಸಿದಾಗ ಇವರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತವರು.

ಕಡೆಗೆ ಲಗಮವ್ವನೇ ಒಂದು ದಾರಿ ಹೇಳಿದಳು.

"ಒಂದ ಮಾಡು. ಅವನ ಸಂಗಾಟ ಬಾಳೇವ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕಾಗದದಾಗ ನನ್ನ ಮಗನ ಹೆಸರ ಇರಲಿ. ಶೇವಂತಿ ಯಲ್ಲಾಲಿಂಗ ಪೂಜಾರಿ ಅಂತನ ಇರಲಿ. ಆವಾಗ ಹುಡುಗಿ ತನ್ನಪ್ಪನ ಹೆಸರಿನಾಕಿ ಕಡೆ ಅದಾಳ ಅಂತ ಗಿರಿಮಲ್ಲಪ್ಪಗ ಹೇಳಿ ಒಪ್ಪಸತೇನಿ. ಕರಕೊಂಡ ಹೋಗು."

"ಖರೆ ಹೇಳಾಕತ್ತೀರೇನ್ರಿ?"

"ಬೀರಪ್ಪನ ಆಣಿ."

ಬಸ್ಸಿನಲ್ಲಿ ಶೇವಂತಿಗೆ ಎಲ್ಲ ಸಲೀಸೆನಿಸಿತು. ಕಾಗದದ ಮೇಲಿನ ನಾಲ್ಕು ಅಕ್ಷರ. ಅವನ್ನು ಯಾರು ಓದುತ್ತಾರೆ? ಊರವರೆಲ್ಲ ಹೇಗೂ ಕಂಬಳಿಯವರ ಶೇವಂತಿ ಎನ್ನುತ್ತಾರೆ. ರೇಷನ್ ಇಲ್ಲದಿದ್ದರೆ ಹೋಗಲಿ, ಕೂಲಿಗೆ ಹೋಗಿ ಜೋಳ ತಂದೇನು. ಜಮಖಂಡಿಯಲ್ಲಿ ಬಸ್ಸು ಬದಲಿಸುವಾಗ ಮಾಯಾಳಿಗೆಂದು ಕೆಂಪು ರಿಬ್ಬನ್ನು ಕೊಂಡಳು.

ರಾತ್ರಿ ಉಣ್ಣುತ್ತ ಶಿವಯೋಗೆಪ್ಪ ಎಲ್ಲವನ್ನೂ ಕೇಳಿಸಿಕೊಂಡ. ತಾಟಿನಲ್ಲಿ ಕೈ ತೊಳೆದುಕೊಂಡು ಗೋಡೆಗೆ ಒರಗಿ ಕೂತ.

"ರೇಷನ್ ಹೋಗಲಿ. ಮಂದಿ ಏನರೆ ಅನ್ನಲಿ. ಮುಡಿಪ ಹೊತ್ತ ತಿರಗಿದಂಗ ನನ್ನ ಹೇಂತಿ ಇನ್ನೊಬ್ಬನ ಹೆಸರ ಹೊತ್ತ ತಿರಗಲಿ, ಅದನ್ನೂ ತಡಕೊಂತೇನಿ. ಒಂದ ಹೇಳು."

"ಏನ್ರಿ?"

"ಹೊಟ್ಯಾಗಿಂದು ಹುಟ್ಟತೈತಲ್ಲ. ಯಾರ ಹೆಸರಿಗಿ ಹುಟ್ಟತೈತಿ?"

ಶೇವಂತಿಯ ಕೈ ತನ್ನಿಂದ ತಾನೇ ಹೊಟ್ಟೆಯ ಮೇಲೆ ಹೋಯಿತು.

"ದವಾಖಾನ್ಯಾಗ ಅವ್ವನ ಹೆಸರ ಬರೀತಾರ, ಶೇವಂತಿ ಯಲ್ಲಾಲಿಂಗ ಪೂಜಾರಿ. ಅಪ್ಪ ಯಾರು ಅಂತ ಬರೀತಾರ?" ಅವನ ದನಿ ಏರಲಿಲ್ಲ. "ನಾಳೆ ನಿಮ್ಮ ಅತ್ತಿ ಬಂದು, ಪೂಜಾರಿ ಮನಿ ಹೆಸರಿನಾಕಿ ಹಡದಾಳ, ಇದೂ ನಮ್ಮ ಬೆಡಗಿಂದು ಅಂದ್ರ? ಐದು ಮಂದಿ ಕೂತ್ರ ಅವರ ಕಡೆನ ಹೇಳತಾರ. ಒಂದ ಕೂಸ ಹೋತು ನಂದು. ಇನ್ನೊಂದ ಕೊಡಾಕ ನನ್ನ ಕಡೆ ಆಗಂಗಿಲ್ಲ."

ಆ ಮೇಲೆ ಎಂಟು ದಿನ ಶೇವಂತಿ ಅದೇ ಲೆಕ್ಕವನ್ನು ಹೊಲದಲ್ಲಿ, ನೀರಿನ ನಳದ ಹತ್ತಿರ, ಒಲೆಯ ಮುಂದೆ ಹಾಕಿ ನೋಡಿದಳು. ಪೂಜಾರಿ ಎಂದರೆ ಮಾಯಾಳಿಗೆ ಅವ್ವ. ಕಂಬಳಿ ಎಂದರೆ ಈ ಕೂಸಿಗೆ ಅವ್ವ. ಹಾಲು ಎರಡಕ್ಕೂ ಇವಳದೇ, ನೆತ್ತರು ಎರಡಕ್ಕೂ ಇವಳದೇ. ಹೆಸರು ಮಾತ್ರ ಎಂದೂ ಇವಳದಾಗಿರಲಿಲ್ಲ. ಅಪ್ಪನನ್ನು ಕೇಳೋಣವೆಂದು ಬೀಳಗಿಯ ತವರಿಗೆ ಫೋನು ಮಾಡಿದರೆ ಅಮಸಿದ್ದಪ್ಪ, "ನಮ್ಮ ಹೆಸರಂತೂ ಎಂದೋ ಬಿಟ್ಟೀಯಲ್ಲವಾ, ನಾ ಏನ ಹೇಳಲಿ. ನಿಮ್ಮ ಮನಿಯವರ ಹೇಳಿದಂಗ ಕೇಳು," ಎಂದ. ಯಾವ ಮನೆಯವರೆಂದು ಅವಳು ಕೇಳಲಿಲ್ಲ.

ಫಾರ್ಮಿನಲ್ಲಿ ಅವಳು ಏನನ್ನೂ ಬರೆಯಲಿಲ್ಲ. ದಿನ ತಳ್ಳಿದರೆ ಏನಾದರೂ ಆದೀತೆಂದು ಕಾದಳು. ಏನೂ ಆಗಲಿಲ್ಲ, ವಾಂತಿ ಮಾತ್ರ ಹೆಚ್ಚಾಯಿತು. ಊರಿನ ಆಶಾ ಕಾರ್ಯಕರ್ತೆ ಅವಳನ್ನು ಎಳೆದುಕೊಂಡೇ ದವಾಖಾನೆಗೆ ಹೋದಳು.

ಬಸುರಿಯರಿಗೆ ತಾಯಿ ಕಾರ್ಡು ಮಾಡಿಸುವ ದಿನ. ಬೆಂಚಿನ ತುಂಬ ಹೆಂಗಸರು. ನರ್ಸಬಾಯಿ ತಲೆ ಎತ್ತದೆ ಕೇಳಿದಳು.

"ಹೆಸರ?"

"ಶೇವಂತಿ."

"ಗಂಡನ ಹೆಸರ?"

ನರ್ಸಬಾಯಿಯ ಪೆನ್ನು ಕಾರ್ಡಿನ ಮೇಲೆ ಕಾದಿತ್ತು.

"ಅಯ್ಯ, ನಾಚಿಕಿ ನೋಡ್ರೆವಾ ಇಕೀದು!" ಎಂದಳು ಬೆಂಚಿನ ಮೇಲಿನ ದಪ್ಪನೆಯ ಹೆಂಗಸು. "ಲಗ್ನದಾಗ ಹೇಳಿದಂಗ ಒಡಪ ಹಾಕಿ ಹೇಳ, ನಾವೂ ಕೇಳತೇವಿ!"

"ಹೊಟ್ಟಿ ಮಾಡ್ಕೊಳ್ಳಾಕ ನಾಚಿಕಿ ಇಲ್ಲ, ಹೆಸರ ಹೇಳಾಕ ನಾಚಿಕಿ!" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಆಶಾ ಕಾರ್ಯಕರ್ತೆಯೂ ನಕ್ಕು ಅವಳ ಮೊಣಕೈ ತಿವಿದಳು.

"ಲಗೂ ಹೇಳವಾ, ಇನ್ನ ಮೂವತ್ತ ಮಂದಿ ಅದಾರ," ಎಂದಳು ನರ್ಸಬಾಯಿ.

ಹಿಂದಿನಿಂದ ಯಾರೋ ಮುಂದೆ ಸರಿ ಎಂದು ತಳ್ಳಿದರು. ಶೇವಂತಿ ಮೇಜಿನ ಅಂಚು ಹಿಡಿದುಕೊಂಡಳು.

"ಶಿವಯೋಗೆಪ್ಪ," ಎಂದಳು.

"ಅಡ್ಡಹೆಸರ?"

"ಕಂಬಳಿ."

ನರ್ಸಬಾಯಿ ಬರೆದಳು. ಬರೆಯಲು ಒಂದು ಗಳಿಗೆಯೂ ಹಿಡಿಯಲಿಲ್ಲ.

"ಮೊದಲನೇದೇನ?"

"ಅಲ್ರಿ. ಎರಡನೇದು."

"ಮೊದಲನೇ ಕೂಸ ಎಲ್ಲೈತಿ? ಆರಾಮ ಐತಿಲ್ಲ?"

"ಆರಾಮ ಅದಾಳ್ರಿ. ಹಿಪ್ಪರಗ್ಯಾಗ, ಅಕೀ ಅಜ್ಜಿ ಕಡೆ."

"ಛಲೋ ಆತ ಬಿಡು," ಎಂದು ನರ್ಸಬಾಯಿ ಕಾರ್ಡನ್ನು ಅವಳ ಕೈಗಿಟ್ಟಳು. "ಬಸರಿದ್ದಾಗ ಸಣ್ಣ ಹುಡುಗರ ಕಾಟ ಇರಬಾರದು. ನಿನಗ ಆರಾಮ. ಮುಂದಿನವರು ಬರ್ರಿ."