ಒಂದು ಗೇಣು ತಗ್ಗಿದ ಸೇತುವೆ

ಬೇಡ ಎನ್ನುವ ಮಾತು ವೀತ್ಸ್ಕೆಯ ಗಂಟಲಿನಿಂದ ಮೇಲೆ ಬರುತ್ತಲೇ ಇರಲಿಲ್ಲ. ಕಾಮಗಾರಿ ತಪಾಸಣೆಯ ಕೆಲಸಕ್ಕೆ ಸೇರಿದ ಮೇಲೂ ಹಿರಿಯರ ಬೆನ್ನ ಹಿಂದೆ ನಿಂತು ಅಳತೆಯ ಟೇಪು ಹಿಡಿದಿದ್ದಷ್ಟೇ. ಈ ಸಲ ಮೊದಲ ಬಾರಿಗೆ ಒಬ್ಬಳನ್ನೇ ಕಳಿಸಿದ್ದರು, ಅದೂ ಅವಳ ಸ್ವಂತ ಊರಿಗೆ, ಕಾಲುವೆಯ ಮೇಲಿನ ಹೊಸ ಸೇತುವೆಗೆ. ‘ಸೈನ್ ಹಾಕಿ ಬರ್ತಾಳೆ ಬಿಡಿ, ಅವಳಿಗೆ ಬೇಡ ಅನ್ನೋಕೆ ಬರಲ್ಲ’ ಎಂದು ಕಚೇರಿಯಲ್ಲಿ ಯಾರೋ ಅಂದದ್ದು ದಾರಿಯುದ್ದಕ್ಕೂ ಅವಳ ಸೈಕಲ್ಲಿನ ಹಿಂದೆಯೇ ಬಂದಿತ್ತು.

ಶನಿವಾರ ಉದ್ಘಾಟನೆ. ಊರಿನ ವಾದ್ಯದವರು ಆಗಲೇ ತುತ್ತೂರಿಗಳನ್ನು ಉಜ್ಜಿಟ್ಟಿದ್ದರು.

ಸೇತುವೆ ಕಟ್ಟಿದ ಮೇಸ್ತ್ರಿ ಡೌವೆ ಅವಳ ಅಪ್ಪನ ಗೆಳೆಯ. ಬಾಗಿಲುಗಳನ್ನೆಲ್ಲ ಬಗ್ಗಿಯೇ ದಾಟುವಷ್ಟು ಎತ್ತರದ ಆಳು. “ಬನ್ನಿ ಮೇಡಂ,” ಎಂದು ತಲೆಯ ಹೆಲ್ಮೆಟ್ಟು ಎತ್ತಿದ. “ಹೋದ ವರ್ಷದವರೆಗೂ ನಮ್ಮನೇಲಿ ಮೇಜಿನ ಕೆಳಗೆ ಅಡಗ್ತಿದ್ರಿ. ಈಗ ಸೇತುವೆ ಕೆಳಗೆ ನೋಡೋಕೆ ಬಂದಿದೀರಾ.”

“ಅಡಗ್ತಿದ್ದದ್ದು ಆರು ವರ್ಷದವಳಿದ್ದಾಗ, ಡೌವೆ ಮಾಮ.”

“ನಂಗೇನೋ ಹೋದ ವರ್ಷದ ಹಾಗೇ ಇದೆ.”

ಸೇತುವೆಯ ಪಕ್ಕದ ಮನೆಯ ಆಲ್ಟೆ ಅಜ್ಜಿ ಕಾಫಿ, ಗುಲಾಬಿ ಬಣ್ಣದ ಕೇಕು ಹಿಡಿದು ಬಂದಳು. ಮೂರನೆಯ ಲೋಟವನ್ನೂ ವೀತ್ಸ್ಕೆ ಕುಡಿದಳು. ಬೇಕಿರಲಿಲ್ಲ, ಆದರೆ ಅಜ್ಜಿ ಬಗ್ಗಿಸಿಬಿಟ್ಟಿದ್ದಳು.

ಕಂಬಿ ಗಟ್ಟಿ, ಹಲಗೆ ಸಮ, ಬೋಲ್ಟು ಬಿಗಿ. ದಡದಿಂದ ಬಾಗಿ ಸೇತುವೆಯ ಅಡಿಗೆ ಟೇಪು ಇಳಿಬಿಟ್ಟಾಗ ಮಾತ್ರ ಅವಳು ಎರಡೆರಡು ಸಲ ಅಳೆದಳು. ನಕ್ಷೆಯಲ್ಲಿದ್ದದ್ದಕ್ಕಿಂತ ಒಂದು ಗೇಣು ಕಡಿಮೆ.

ದೋಣಿಗಳಿಗೆ ಅಷ್ಟು ಸಾಕು. ಆದರೆ ಇದು ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡ್. ಕಾಲುವೆ ಹೆಪ್ಪುಗಟ್ಟಿದ ದಿನ ಶಾಲೆ, ಅಂಗಡಿ, ಗಂಡ ಹೆಂಡಿರ ಜಗಳ ಎಲ್ಲ ಬಿಟ್ಟು ಊರಿಗೆ ಊರೇ ಮಂಜಿನ ಮೇಲೆ ಜಾರಲು ಸ್ಕೇಟು ಕಟ್ಟಿಕೊಂಡು ಇಳಿಯುತ್ತದೆ. ಎತ್ತರದವನೂ ನೆಟ್ಟಗೆ ನಿಂತು ದಾಟಲಿ ಎಂದೇ ನಕ್ಷೆಯಲ್ಲಿ ಆ ಗೇಣು ಇಟ್ಟಿದ್ದು. ಮಂಜುಗಡ್ಡೆಯೋ, ಬರುತ್ತೇನೆಂದು ಬಾರದ ಬೀಗರ ಹಾಗೆ, ವರ್ಷಗಳಿಂದ ಊರನ್ನು ಕಾಯಿಸುತ್ತಿತ್ತು.

“ಸೇತುವೆ ತಗ್ಗಿದೆ,” ಎಂದಳು, ಟೇಪಿಗೆ ಹೇಳುವ ಹಾಗೆ.

ಡೌವೆಗೆ ಕೇಳಿಸಿತು. “ಬೇಕಂತ್ಲೇ ತಗ್ಗಿಸಿದೀನಿ ಮಗಳೇ. ಅಜ್ಜಿ ಸೈಕಲ್ ತುಳೀಬೇಕಲ್ಲ, ಏರು ಜಾಸ್ತಿಯಾಗ್ತಿತ್ತು. ಮಂಜು ಎಲ್ಲಿದೆ ಹೇಳು, ಹೋಗಿ ಕರ್ಕೊಂಡ್ ಬರ್ತೀನಿ.”

“ಬಂದ್ರೆ?”

“ಬಗ್ಗಿ ಹೋಗ್ತಾರೆ. ಸ್ಕೇಟ್ ಮಾಡೋನು ಹೇಗೂ ಬಗ್ಗಿರ್ತಾನೆ.”

ಸಹಿಯ ಪೆನ್ನು ಅವಳ ಜೇಬಿನಲ್ಲೇ ಇತ್ತು. ತೆಗೆದರೆ ಎಲ್ಲರೂ ಕೇಕು ತಿಂದು ಮನೆಗೆ ಹೋಗಬಹುದು. ಕಚೇರಿಯಲ್ಲಿ ಅಂದದ್ದೂ ನಿಜವಾಗುತ್ತದೆ. ಅವಳು ಪೆನ್ನು ತೆಗೆಯಲಿಲ್ಲ. ದಡದಲ್ಲಿ ಕಟ್ಟಿದ್ದ ಕೆಲಸದ ಚಪ್ಪಟೆ ದೋಣಿಯನ್ನು ನೋಡಿದಳು.

“ಹಾಗಾದ್ರೆ ಅದ್ರಲ್ಲಿ ನಿಂತು ಒಂದ್ಸಲ ದಾಟಿ ಮಾಮ. ಸ್ಕೇಟ್ ಮಾಡೋ ಹಾಗೇ ಬಗ್ಗಿ.”

“ದೋಣಿ ಮಂಜಿಗಿಂತ ಎತ್ತರ ಇರುತ್ತೆ.”

“ಸ್ಕೇಟೂ ಕಾಲನ್ನ ಎತ್ತುತ್ತೆ. ಅಲ್ಲಿಗಲ್ಲಿಗೆ ಸರಿಹೋಯ್ತು.”

ದಡದ ಕೆಲಸಗಾರರು ನಕ್ಕರು. ಡೌವೆ ಮರ್ಯಾದೆಗೆ ಅಂಜಿ ದೋಣಿ ಹತ್ತಿದ. ಕೈಗಳನ್ನು ಬೆನ್ನಿಗೆ ಕಟ್ಟಿ, ಯೌವನದಲ್ಲಿ ಸ್ಕೇಟಿನ ಪಂದ್ಯ ಗೆದ್ದ ಠೀವಿಯಲ್ಲಿ ಬಾಗಿ ನಿಂತ. ಹುಡುಗರು ದೋಣಿ ನೂಕಿದರು. ಸೇತುವೆ ಹತ್ತಿರವಾದಾಗ, ಎಲ್ಲರೂ ನೋಡುತ್ತಿದ್ದಾರೆಂದು, ಯಾರು ಗೆದ್ದರೂ ಮಾಡುವ ಹಾಗೆ ಒಂದು ಕೈ ಎತ್ತಿ ಸ್ವಲ್ಪ ನೆಟ್ಟಗಾದ.

ಠಣ್.

ಹೆಲ್ಮೆಟ್ಟು ತೇಲುತ್ತಾ ಮುಂದೆ ಹೋಯಿತು. ಡೌವೆ ದೋಣಿಯಲ್ಲಿ ಕೂತುಬಿಟ್ಟಿದ್ದ.

ಎಲ್ಲರ ನಗು ನಿಲ್ಲುವವರೆಗೆ ವೀತ್ಸ್ಕೆ ಟೇಪು ಸುತ್ತಿಟ್ಟಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಇಲ್ಲ ಮಾಮ. ಸೈನ್ ಹಾಕಲ್ಲ. ಏರಿಸ್ಬೇಕು.”

“ಶನಿವಾರ ವಾದ್ಯ ಇದೆ ಕಣೇ,” ಎಂದು ತಲೆ ಸವರಿಕೊಂಡ.

“ಸೇತುವೆ ಇಲ್ದೇನೂ ನುಡಿಸ್ಬಹುದು.”

“ಮತ್ತೆ ಅಜ್ಜಿ ಸೈಕಲ್ಲು?”

ಆಲ್ಟೆ ಅಜ್ಜಿ ಹುಬ್ಬೇರಿಸಿದಳು. “ನಾನು ಕೇಳಿದ್ನಾ? ಏರು ಬಂದ್ರೆ ಇಳಿದು ತಳ್ತೀನಿ. ನಿನ್ನ ಹಾಗೆ ತಲೆಯಿಂದ ಸೇತುವೆ ಗುದ್ದೋಳಲ್ಲ ನಾನು.” ಹಾಗೆಂದು ನಾಲ್ಕನೆಯ ಲೋಟಕ್ಕೆ ಕಾಫಿ ಬಗ್ಗಿಸಲು ಹೊರಟಳು.

ವೀತ್ಸ್ಕೆ ಲೋಟದ ಮೇಲೆ ಅಂಗೈ ಮುಚ್ಚಿದಳು. “ಬೇಡ ಅಜ್ಜಿ.”

“ನೋಡಪ್ಪಾ, ಒಂದೇ ದಿನಕ್ಕೆ ಅಭ್ಯಾಸ ಆಗೋಯ್ತು,” ಎಂದಳು ಅಜ್ಜಿ.

ಶನಿವಾರ ವಾದ್ಯದವರು ದಡದಲ್ಲೇ ನಿಂತು ನುಡಿಸಿದರು. ಡೌವೆಯ ಜನ ಸೇತುವೆಯನ್ನು ಜಾಕಿಯಿಂದ ಎತ್ತಿ, ಕೆಳಗೆ ದಿಮ್ಮಿ ಕೊಟ್ಟು, ಆ ಗೇಣನ್ನು ಮರಳಿಸುವ ಹೊತ್ತಿಗೆ ಚಳಿ ಶುರುವಾಗಿತ್ತು. ಊರಿನವರು ಸ್ಕೇಟಿನ ಅಲಗುಗಳನ್ನು ಮಸೆದಿಟ್ಟು, ದಿನಾ ಬೆಳಿಗ್ಗೆ ಮಂಜು ಕಟ್ಟಿತೇ ಎಂದು ಕಾಲುವೆಗೆ ಕಲ್ಲೆಸೆದು ನೋಡಿದರು. ಪ್ರತಿ ಸಲವೂ ಡುಬುಕ್ಕೆಂದಿತು. ಆ ಚಳಿಗಾಲವಿಡೀ ಸೇತುವೆಯ ಕೆಳಗೆ ದಾಟಿದ್ದು ಬಾತುಕೋಳಿಗಳು ಮಾತ್ರ, ಕತ್ತು ಉದ್ದಕ್ಕೆ ನೆಟ್ಟಗೆ ಮಾಡಿಕೊಂಡು.