ಭೋಗ್ಯದ ಸೊಪ್ಪು

"ಥೂ ಮುಂಡೇವಾ, ಸೊಪ್ಪು ಕುಯ್ಯೋಕ್ ಬಂದಿದ್ದೀರೋ, ಹೆಣ ಕಾಯೋಕ್ ಬಂದಿದ್ದೀರೋ?"

ಬದುವಿನ ಮೇಲೆ ನಿಂತು ಬಯ್ದವನು ಬಾಬಾಜಾನ್ ಸಾವ್ಕಾರ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುತ್ತಾನೆ. ಬಯ್ಸಿಕೊಂಡವರು ಅಕ್ಬರಿ ಬೇಗಂ ಮತ್ತು ನಾನು, ಅಂಕಮ್ಮ. ಇಬ್ಬರಿಗೂ ಗಂಡಂದಿರಿಲ್ಲ, ಹಾಗಾಗಿ ಬೈಗುಳದಲ್ಲಿ ತಪ್ಪೇನಿರಲಿಲ್ಲ. ಹೊಲ ಮಾತ್ರ ಅಕ್ಬರಿಯದು. ತನ್ನ ಹೊಲದಲ್ಲೇ ಅವಳು ಕೂಲಿ.

ಐದು ವರ್ಷದ ಹಿಂದೆ ಗಂಡನ ಆಸ್ಪತ್ರೆ ಖರ್ಚಿಗೆಂದು ಉಯ್ಯಂಬಳ್ಳಿಯ ಈ ಒಂದೆಕರೆ ಹಿಪ್ಪುನೇರಳೆಯನ್ನು ಅವನಿಗೆ ಭೋಗ್ಯಕ್ಕೆ ಹಾಕಿದ್ದಳು. ಬಡ್ಡಿ ಹರಾಮು, ಒಂದು ಪೈಸೆ ಮುಟ್ಟುವುದಿಲ್ಲ ಅಂದಿದ್ದ ಸಾವ್ಕಾರ. ಮುಟ್ಟಲೂ ಇಲ್ಲ. ಅಸಲು ಕೊಡುವ ತನಕ ಸೊಪ್ಪು ತನ್ನದು ಅಂದ, ವರ್ಷಕ್ಕೆ ಐದು ಬೆಳೆ ಕುಯ್ಸಿ ಮಾರಿಕೊಂಡ. ಗಂಡ ಉಳಿಯಲಿಲ್ಲ, ಅಸಲು ಉಳಿಯಿತು.

ಅವತ್ತು ಅವನು ಬಯ್ಯಲು ಬಂದಿರಲಿಲ್ಲ, ಅದು ಬಾಯಿಗೆ ಬಿದ್ದ ಅಭ್ಯಾಸ. ಹಜ್‌ಗೆ ಹೊರಟಿದ್ದ. ಹೊರಡುವ ಮುಂಚೆ ಎಲ್ಲರ ಹತ್ತಿರ ಮಾಫಿ ಕೇಳುವುದು ಅವರ ಪದ್ಧತಿ. ಕೊರಳಲ್ಲಿ ಹೂವಿನ ಹಾರವಿತ್ತು, ಕಾರಿನಲ್ಲಿ ನೆಂಟರಿದ್ದರು. ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡವ್ವ ಅಂದ.

ಅಕ್ಬರಿ ಅವನ ಜೊತೆ ಉರ್ದು ಆಡುವವಳು, ಅವತ್ತು ನನಗೂ ಕೇಳಲಿ ಅಂತ ಕನ್ನಡದಲ್ಲೇ ಹೇಳಿದಳು:

"ಮಾಡಾಕಿಲ್ಲ ಭಾಯ್. ಅಡ ಇಟ್ಟ ಹೊಲದ್ ಬೆಳೆ ತಿಂದ್ರೆ ಅದೂ ಬಡ್ಡೀನೇ ಅಂತ ಮೌಲ್ವಿ ಸಾಬ್ರು ಹೇಳವ್ರೆ. ತಿಂದಿದ್ದ ಅಸಲಲ್ಲಿ ಮುರ್ಕಳಿ, ಹೊಲ ಬುಡಿ. ಆಮೇಲೆ ಮಾಫಿ."

ಊರೆಲ್ಲ ಮಾಡುವ ವ್ಯವಹಾರ ಇದು, ಮೌಲ್ವಿಗೇನು ಗೊತ್ತು ಬೇಸಾಯ ಅಂತ ರೇಗಿದ. ಆಮೇಲೆ ದನಿ ತಗ್ಗಿಸಿ, ಬಾಯಿಮಾತಿಗಾದರೂ ಒಂದು ಸಲ ಮಾಫ್ ಅನ್ನು ಅಂದ. ಅವಳು ಬಗ್ಗಿ ಸೊಪ್ಪು ಕುಯ್ಯತೊಡಗಿದಳು. ನೆಂಟರು ಹಾರ್ನ್ ಹೊಡೆದರು, ಅವನು ಹೋದ.

ಮೂರನೇ ದಿನ ಸೊಪ್ಪು ತುಂಬಿಕೊಳ್ಳಲು ಅವನ ಟೆಂಪೋ ಬಂದಾಗ ನಾವು ಸೊಪ್ಪಿನ ಹೊರೆಗಳನ್ನು ಅಕ್ಬರಿಯ ಮನೆಗೆ ಹೊರುತ್ತಿದ್ದೆವು. ಕಿವಿಯ ಓಲೆ ಮಾರಿ ರೇಷ್ಮೆ ಹುಳ ತಂದು ತಟ್ಟೆಗೆ ಬಿಟ್ಟಿದ್ದಳು. ಡ್ರೈವರ್ ಸ್ವಾಮಿ ದಿಗಿಲುಬಿದ್ದು ಸಾವ್ಕಾರನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅಕ್ಬರಿಯ ಮುಂದೆ ಹಿಡಿದ. ಸಾವ್ಕಾರ ಆಗ ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಕಾಯುತ್ತಿದ್ದ.

"ಬೋಳಿ..." ಅಂದವನು ಅಲ್ಲಿಗೇ ನುಂಗಿಕೊಂಡ. "ಇಹ್ರಾಮಿನ ಬಿಳೀ ಬಟ್ಟೆ ಉಟ್ಟಿವ್ನಿ. ಇದ್ನ ಉಟ್ಮೇಲೆ ಹಜ್ ಮುಗಿಯೋಗಂಟ ಜಗಳ ಆಡಂಗಿಲ್ಲ. ನಲವತ್ತು ದಿನಕ್ಕೆ ಬತ್ತೀನಿ, ಆಗ ನೋಡ್ಕತೀನಿ."

ಫೋನ್ ಕಟ್ ಆಯಿತು. ಸ್ವಾಮಿ ನಮ್ಮಿಬ್ಬರ ಮುಖ ನೋಡಿದ.

"ಹುಳ ಗೂಡು ಕಟ್ಟೋಕೆ ಇಪ್ಪತ್ತೈದು ದಿನ ಸಾಕು," ಅಂದಳು ಅಕ್ಬರಿ. "ಹೊರೆ ಎತ್ತು ಅಂಕವ್ವ, ಸೊಪ್ಪು ಬಾಡ್ತದೆ."